ಹೆಸರು ಹೇಳದ ಬಸ್ ಮಾತ್ರೆಗೆ

ಹಂಗಳ, ಗುಂಡ್ಲುಪೇಟೆ ತಾಲ್ಲೂಕು

ಶ್ವೇತವರ್ಣದ ವಾಂತಿನಿವಾರಕ ಮಾತ್ರೆಯವರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವೆಂದು ನಂಬಿ, ನಮ್ಮ ಕ್ಷೇಮವನ್ನು ತಮ್ಮಲ್ಲೇ ವಿಚಾರಿಸಿಕೊಳ್ಳಲು ಈ ಬಹಿರಂಗ ಪತ್ರ.

ನನ್ನ ಹೆಂಡತಿ ಚಂದ್ರಮತಿ ಬದನಗುಪ್ಪೆಯ ಕಾರ್ಖಾನೆಗೆ ಸೇರಿದ ಹೊಸದರಲ್ಲಿ, ಬಸ್ಸು ಗುಂಡ್ಲುಪೇಟೆ ದಾಟುವುದರೊಳಗೆ ತಿಂದದ್ದೆಲ್ಲ ಕಿಟಕಿಯಾಚೆ ಹೋಗುತ್ತಿತ್ತು. ಹಿಂದಿನ ಸೀಟಿನವರ ಶಾಪದಿಂದ ಅವಳನ್ನು ಕಾಪಾಡಿದವರು ತಾವು. ಅಂದಿನಿಂದ ಬೆಳಿಗ್ಗೆ ದೇವರಿಗೆ ಕೈಮುಗಿಯುವುದನ್ನು ಮರೆತರೂ ತಮ್ಮನ್ನು ನುಂಗುವುದನ್ನು ಅವಳು ಮರೆತವಳಲ್ಲ.

ಈಗ ಕೆಲವು ವಾರಗಳಿಂದ ಅವಳಿಗೆ ತಲೆನೋವು. ಅದೇ ಹೊತ್ತಿಗೆ, ವಾಂತಿ ನಿಲ್ಲಿಸುವ ಯಾವುದೋ ಒಂದು ಔಷಧಿಗೂ ಮೆದುಳು ಊದಿಕೊಳ್ಳುವುದಕ್ಕೂ ನಂಟಿರಬಹುದೆಂದು ಸಂಶೋಧಕರು ಶಂಕಿಸಿರುವ ಸುದ್ದಿ ಪತ್ರಿಕೆಯಲ್ಲಿ ಬಂತು. ಹೊಟ್ಟೆಯ ಕೆಲಸಕ್ಕೆ ನೇಮಕಗೊಂಡವರು ತಲೆಯ ಹೆಚ್ಚುವರಿ ಹೊಣೆಯನ್ನೂ ವಹಿಸಿಕೊಂಡಿದ್ದರೆ ಆ ಶ್ರದ್ಧೆಗೆ ಏನು ಹೇಳಲಿ? ಒಂದು ಹುದ್ದೆಯ ಕೆಲಸವನ್ನೇ ಮಾಡದ ನಮ್ಮ ಕಚೇರಿಯವರು ತಮ್ಮಿಂದ ಕಲಿಯಬೇಕು.

ಆ ಔಷಧಿ ತಾವೇ ಹೌದೋ ಅಲ್ಲವೋ, ಇಷ್ಟೇ ನನ್ನ ಪ್ರಶ್ನೆ. ಚಾಮರಾಜನಗರದ ಡಾಕ್ಟರೂ ಮೊದಲು ಕೇಳಿದ್ದು ತಮ್ಮ ಹೆಸರನ್ನೇ. ನಾವು ಗಂಡಹೆಂಡಿರು ತಮ್ಮ ಬಣ್ಣ ಹೇಳಿದೆವು. ಇಡೀ ಸ್ಟ್ರಿಪ್ ಕೊಳ್ಳುವ ರೂಢಿ ನಮ್ಮಲ್ಲಿಲ್ಲ. 'ಬಸ್ ಮಾತ್ರೆ' ಎಂದರೆ ಮೆಡಿಕಲ್ ಸ್ಟೋರಿನ ಗಂಗಾಧರಸ್ವಾಮಿಯವರು ಕತ್ತರಿಯಲ್ಲಿ ಬೇಕಾದಷ್ಟು ತುಂಡರಿಸಿ ಕವರಿಗೆ ಹಾಕುತ್ತಾರೆ, ಬೆನ್ನಿಗೆ ಅಚ್ಚಾದ ತಮ್ಮ ಹೆಸರು ಅಂಗಡಿಯಲ್ಲೇ ಉಳಿಯುತ್ತದೆ. ಅವರನ್ನೇ ಕೇಳಿದ್ದಕ್ಕೆ, ಒಂದೊಂದು ಸಲ ಒಂದೊಂದು ಕಂಪನಿಯದು ಬರುತ್ತದೆ, ಎಲ್ಲವೂ ಬಸ್ ಮಾತ್ರೆಯೇ ಎಂದು ಸಮಾಧಾನ ಹೇಳಿದರು.

ಡಾಕ್ಟರನ್ನು ಕಂಡು ಮರಳುವಾಗ ಹೆದರಿ ತಮ್ಮ ನೆರವಿಲ್ಲದೆ ಬಸ್ಸು ಹತ್ತಿದ ಚಂದ್ರಮತಿ, ಪ್ಲಾಸ್ಟಿಕ್ ಕವರನ್ನು ಬಾಯಿಯಿಂದ ತೆಗೆದು, "ತಲ ಒಳ್ಗ ಊದ್ಕಂಡ್ರ ಈಚ್ಗ ಕಾಣ್ತದಾ? ಒಸಿ ನೋಡಿ" ಎಂದು ತಲೆ ಬಗ್ಗಿಸಿದಳು. ನೋಡಿದೆ. ಬೈತಲೆ ಬಿಟ್ಟು ಏನೂ ಕಾಣಲಿಲ್ಲ. ನನಗೆ ಭಯವಾಗಿದೆ, ಮಾನ್ಯರೇ.

ಆದ್ದರಿಂದ ತಾವು ದಯಮಾಡಿ ಡಾಕ್ಟರ ಮುಂದೆ ಖುದ್ದಾಗಿ ಹಾಜರಾಗಿ, ತಂದೆಯ ಹೆಸರು, ಊರು ಸಹಿತ ಹೇಳಿಕೆ ಕೊಡಬೇಕು. ಮೈಮೇಲೆ ಹೆಸರಿನ ಹಚ್ಚೆ ಹಾಕಿಸಿಕೊಳ್ಳಬೇಕು, ಕನ್ನಡದಲ್ಲಾದರೆ ಉಪಕಾರ. ಅದೂ ಆಗದಿದ್ದರೆ, ನುಂಗಿದ ಮೇಲೆ ಹೊಟ್ಟೆಯೊಳಗಿಂದ ಒಮ್ಮೆ ಕೂಗಿ ಹೇಳಿದರೂ ಸಾಕು.

ನಂಬಿ ಕೆಟ್ಟೆನೋ ಇಲ್ಲವೋ ಎಂದು ಇನ್ನೂ ತಿಳಿಯದ,
ತಮ್ಮ ವಿಶ್ವಾಸಿ,
ಮೃತ್ಯುಂಜಯ

ತಾ.ಕ.: ತಲೆನೋವಿಗೆಂದು ನಿನ್ನೆ ಅದೇ ಅಂಗಡಿಯಿಂದ ಗುಲಾಬಿ ಬಣ್ಣದ ತಮ್ಮ ಬಂಧುವೊಬ್ಬರನ್ನು ತಂದೆ. ಚಂದ್ರಮತಿ ನುಂಗಿ ಮಲಗಿದ ಮೇಲೆ ಸ್ಟ್ರಿಪ್ಪಿನ ತುಂಡನ್ನು ತಿರುಗಿಸಿ ನೋಡಿದೆ. ಅವರ ಹೆಸರೂ ಅಂಗಡಿಯಲ್ಲೇ ಉಳಿದಿದೆ.