ಕಲ್ಲಿಗೆ ಕುಂಕುಮ ಹಚ್ಚುವಾಕೆ

ಮಕ್ಕಳೇ, ಮಸ್ಕಿಯಿಂದ ಲಿಂಗಸುಗೂರಿನ ಕಡೆಗೆ ಹೋಗುವ ಕಾಲುದಾರಿಯಲ್ಲಿ ಹೊಸ ದೇವರು ಕಂಡರೆ ಕೈ ಮುಗಿಯಿರಿ, ಆದರೆ ವರ ಬೇಡಬೇಡಿ. ಅದನ್ನು ದೇವರು ಮಾಡಿದವಳು ನಿಮ್ಮ ಅಜ್ಜನ ಅಕ್ಕ!

ಅವಳ ಊರು ಲಿಂಗಸುಗೂರಿನ ಆಚೆ. ಮಸ್ಕಿಯ ನಮ್ಮ ಮನೆಗೆ ನಡೆದೇ ಬರುವಳು, ನಡೆದೇ ಹೋಗುವಳು. ನಡುವೆ ಯಾರದೋ ಕಟ್ಟೆಯ ಮೇಲೆ ನಿದ್ದೆ. ಬಸ್ಸು ಇಲ್ಲವೇ? ಬೇಕಾದಷ್ಟಿವೆ. "ಬಸ್ಸಿನ್ಯಾಗ ಕುಂತ್ರ ಊರು ಬರತೈತಿ, ದಾರಿ ಬರಂಗಿಲ್ಲ" ಎನ್ನುವಳು.

ಆ ದಾರಿಯೋ, ಬರೀ ಸುಣ್ಣಗಲ್ಲಿನ ನೆಲ. ಎತ್ತ ನೋಡಿದರೂ ಒಂದೇ ಬಿಳುಪು; ಕವಲು ಬಂದರೆ ಬುದ್ಧಿ ಓಡುವುದಿಲ್ಲ. ಮೊದಲು ಗುರುತಿಗೆಂದು ಎಲೆ ಅಡಿಕೆಯ ಡಬ್ಬಿಯ ಸುಣ್ಣವನ್ನೇ ಕಲ್ಲುಗಳಿಗೆ ಬಳಿದಳಂತೆ. ಬಿಳಿ ಕಲ್ಲಿಗೆ ಬಿಳಿ ಸುಣ್ಣ! ವಾಪಸು ಬರುವಾಗ ತಾನೇ ದಾರಿ ತಪ್ಪಿದಳು. ಆಮೇಲೆ ಕುಂಕುಮ ಹಿಡಿದಳು. ಗಂಡ ಸತ್ತವಳಿಗೆ ಕುಂಕುಮದ ಭರಣಿ ಯಾಕೆಂದು ಓಣಿಯವರು ಕೇಳಿದರೆ, "ನನಗ ಬ್ಯಾಡ ಅಂದೀರಿ. ಕಲ್ಲಿಗೆ ಬ್ಯಾಡ ಅಂದಿಲ್ಲಲ್ಲ?"

ಒಮ್ಮೆ ನನ್ನನ್ನೂ ಎಳೆದೊಯ್ದಳು. ನೋಡಿದರೆ, ಅವಳು ಗುರುತಿಟ್ಟ ಕಲ್ಲಿನ ಮುಂದೆ ಒಡೆದ ತೆಂಗಿನಕಾಯಿ, ಹಸಿರು ಬಳೆ! ಕುರಿ ಕಾಯುತ್ತಿದ್ದ ಹೆಂಗಸು, "ಚಪ್ಪಲಿ ಬಿಡ್ರಿ, ತಾನಾಗೇ ಎದ್ದ ತಾಯಿ" ಎಂದಳು. ಅಕ್ಕ ಚಪ್ಪಲಿ ಬಿಟ್ಟು ಅಡ್ಡಬಿದ್ದಳು.

"ನೀನೇ ಹಚ್ಚಿದ್ದಲ್ಲೇನಕ್ಕಾ?" ಎಂದು ಪಿಸುಗುಟ್ಟಿದೆ.

"ಹೌದು. ಈಗ ಆಕಿ ಕಡೆ ಮಂದಿ ಬಾಳ ಅದಾರ, ಸುಮ್ಕಿರು."

ಅಷ್ಟೇ ಆಗಿದ್ದರೆ ಸರಿ. ಭಕ್ತರು ಸುತ್ತಲಿನ ಕಲ್ಲುಗಳಿಗೂ ಕುಂಕುಮ ಹಚ್ಚಿಬಿಟ್ಟಿದ್ದರು. ಕೆಂಪು ಕಂಡಲ್ಲೆಲ್ಲ ತಿರುಗಿ, ಸಂಜೆಗೆ ಮತ್ತೆ ಅದೇ ತಾಯಿಯ ಮುಂದೆ ನಿಂತಿದ್ದೆವು. ಯಾರನ್ನಾದರೂ ದಾರಿ ಕೇಳಲು ನನಗೆ ನಾಚಿಕೆ, ಅವಳಿಗೆ ಸೊಕ್ಕು.

ನಿಮ್ಮ ಅಜ್ಜ ಹೋದ ಮೇಲೆ ನಾನು ಹೊಸ್ತಿಲು ದಾಟುವುದನ್ನೇ ಬಿಟ್ಟೆ. ಮೊದಲೇ ಮಂದಿಗೆ ಅಂಜುವವಳು. ಈಗ ನೆಪವೂ ಸಿಕ್ಕಿತ್ತು. ನನ್ನ ಕುಂಕುಮದ ಭರಣಿ ಗೂಡಿನಲ್ಲಿ ಧೂಳು ತಿಂದಿತು. ಒಂದು ದಿನ ಅಕ್ಕ ಬಂದಳು, ಮೊಣಕಾಲು ಊದಿಸಿಕೊಂಡು.

"ನನ್ನ ಕುಂಕುಮ ತೀರೈತಿ. ನಿಂದು ತಗೊಂಡು ಮುಂದ ನಡಿ. ಒಬ್ಬಾಕಿನ ಊರು ಮುಟ್ಟಾಕ ಆಗಂಗಿಲ್ಲ."

"ಮಂದಿ ಏನಂತಾರಕ್ಕಾ?"

"ದಾರ್ಯಾಗ ಬರೀ ಕಲ್ಲು ಅದಾವ. ಅವೇನಂತಾವ?"

ನಡೆದೆ. ಕವಲಿನಲ್ಲಿ ನಿಂತು ಹಿಂತಿರುಗಿ ನೋಡಿದೆ. ಅವಳು ದಿಬ್ಬದ ಮೇಲೆ ಕುಳಿತು ಮೊಣಕಾಲು ತಿಕ್ಕುತ್ತಿದ್ದಳು.

"ನನ್ನೇನು ನೋಡ್ತಿ? ನೀ ಎಲ್ಲಿ ಹಚ್ಚತಿ, ಅದೇ ದಾರಿ."

ಬಲಗಡೆಯ ಕಲ್ಲಿಗೆ ಹಚ್ಚಿದೆ. ಅವಳು ಕುಂಟುತ್ತ ಬಂದು, ನನ್ನ ಬೆರಳಲ್ಲಿ ಉಳಿದಿದ್ದ ಕುಂಕುಮವನ್ನು ತನ್ನ ಬೆರಳಿಗೆ ತೆಗೆದುಕೊಂಡು ನನ್ನ ಹಣೆಗೆ ಒತ್ತಿದಳು.

"ನೀ ತಪ್ಪಿಸಿಕೊಂಡ್ರ, ಹುಡುಕಾಕ ನನಗೊಂದು ಗುರುತು ಬೇಕಲ್ಲ?"