ನನ್ನ ಜಾಗಕ್ಕೆ ಬರಲಿದ್ದ ಮಹಾನುಭಾವ

ನನ್ನ ಪ್ರೊಫೈಲನ್ನು ನಾನೇ ಬರೆದುಕೊಳ್ಳಬಹುದಿತ್ತು. ಎರಡು ಸಾಲು ಸಾಕಿತ್ತು: ಪೀಣ್ಯದ ವಾಲ್ವ್ ಫ್ಯಾಕ್ಟರಿಯೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೇನೆ. ಕೇಳಿದವರಿಗೆ ನಟ್ಟು ಬೋಲ್ಟು ಕೊಟ್ಟು, ಬರೆದಿಟ್ಟು, ಬೀಗ ಹಾಕುತ್ತೇನೆ. ಆದರೆ ಫ್ಯಾಕ್ಟರಿ ಊರಾಚೆ ಹೋಗುತ್ತದಂತೆ ಎಂಬ ಗಾಳಿಸುದ್ದಿ ಕೇಳಿದಾಗಿನಿಂದ ನನಗೆ ಊಟ ಸೇರುತ್ತಿರಲಿಲ್ಲ. ಮುಂಜಾಗ್ರತೆಯಾಗಿ, ಕೆಲಸ ಹುಡುಕುವವರೆಲ್ಲ ಇರುವ ಜಾಲತಾಣಕ್ಕೆ ನಾನೂ ಸೇರೋಣವೆಂದು ಭಾವಮೈದ ಕಿರಣನನ್ನು ಬ್ರೂಕ್‌ಫೀಲ್ಡ್‌ನಿಂದ ಲಗ್ಗೆರೆಯ ನಮ್ಮ ಮನೆಗೆ ಕರೆಸಿದೆ. ಅವನು ಐ.ಟಿ.ಯವನು.

“ಭಾವ, ಸ್ಟೋರ್ ಕೀಪರ್ ಅಂತ ಹಾಕಿದ್ರೆ ಯಾರೂ ತಿರುಗಿ ನೋಡಲ್ಲ. ದಿನಾ ಏನ್ ಮಾಡ್ತೀರೋ ಹೇಳಿ, ಮಿಕ್ಕಿದ್ದು ನಾನ್ ನೋಡ್ಕೋತೀನಿ.”

ನಾನು ಹೇಳಿದೆ, ಅವನು ಟೈಪ್ ಮಾಡಿದ. ಫೋಟೋದಲ್ಲಿ ಬೋಳುತಲೆ ಕಾಣುತ್ತಿಲ್ಲವೆಂದು ಖಚಿತಪಡಿಸಿಕೊಂಡು ಒಪ್ಪಿಗೆ ಕೊಟ್ಟೆ. ಬರಹ ಓದಲಿಲ್ಲ. ನನ್ನ ಬಗ್ಗೆ ನನಗೆ ಗೊತ್ತಿಲ್ಲದ್ದು ಏನಿರುತ್ತದೆ?

ಮೂರು ವಾರದ ಮೇಲೆ ಓನರ್ ಶಾಂತಪ್ಪನವರು ಕರೆದು ಒಂದು ಹಾಳೆ ಕೊಟ್ಟರು.

“ಮೂರ್ತಿ, ಸ್ಟೋರ್ಸ್‌ಗೆ ಹೊಸಬರನ್ನ ನೋಡ್ತಾ ಇವ್ನಿ. ಕೆಲಸಕ್ಕೆ ಜನ ಹುಡುಕ್ಕೊಡೋ ಏಜೆನ್ಸಿಯೋರು ಇದನ್ನ ಕಳಿಸವ್ರೆ. ಹೆಸರು, ಫೋಟೋ, ಕಂಪನಿ ಎಲ್ಲಾ ಮುಚ್ಚಿಟ್ಟವ್ರೆ, ನಾವ್ ಒಪ್ಕೊಂಡ್ಮೇಲೆ ಹೇಳ್ತಾರಂತೆ. ಓದ್ರಿ. ನಿಮ್ ಕೆಲಸಾನೇ ಮಾಡೋ ಮನುಷ್ಯ, ಹೆಂಗ್ ಮಾಡವ್ನೆ ನೋಡ್ರಿ.”

ಓದಿದೆ. ‘ಮಲ್ಟಿಕಲ್ಚರಲ್ ಟೀಮ್ ಲೀಡರ್. ಕ್ರೈಸಿಸ್ ಮ್ಯಾನೇಜ್‌ಮೆಂಟ್ ಎಕ್ಸ್‌ಪರ್ಟ್.’ ಅನುಭವ ಹತ್ತೊಂಬತ್ತು ವರ್ಷ. ನನ್ನದೂ ಅಷ್ಟೇ, ಆದರೆ ಪುಣ್ಯಾತ್ಮ ಅದನ್ನು ಎಷ್ಟು ಚೆನ್ನಾಗಿ ಬಳಸಿಕೊಂಡಿದ್ದಾನೆ!

“ನನ್ನ ಕೆಲಸ ಹೋದ ಹಾಗೇ ಕಣೇ. ಇವನ್ಯಾರೋ ಭಾರೀ ದೊಡ್ಡ ಮನುಷ್ಯ,” ಎಂದು ಮನೆಯಲ್ಲಿ ಹೆಂಡತಿ ಸುಮಿತ್ರಾಗೆ ಹೇಳಿದೆ.

“ಅಷ್ಟು ದೊಡ್ಡ ಮನುಷ್ಯ ನಟ್ಟು ಎಣಿಸೋಕೆ ಯಾಕ್ರೀ ಬರ್ತಾನೆ?”

ಮೂರು ದಿನ ಆ ಮನುಷ್ಯನನ್ನು ಮನಸಾರೆ ಶಪಿಸಿದೆ. ರ‍್ಯಾಕುಗಳ ಧೂಳು ಒರೆಸಿದೆ. ಭಾನುವಾರ ಕಿರಣ ಬಂದಾಗ ಹಾಳೆಯನ್ನು ಅವನ ಮುಂದೆ ಹಿಡಿದು, “ಇವನನ್ನ ಮೀರಿಸೋ ಹಾಗೆ ನಂದು ಬರ್ಕೊಡು” ಎಂದೆ.

“ಭಾವ, ಇದು ನಿಮ್ದೇ. ನಾನ್ ಬರ್ದಿದ್ದ ಪ್ರೊಫೈಲನ್ನೇ ಏಜೆನ್ಸಿಯೋರು ಎತ್ಕೊಂಡಿದ್ದಾರೆ.”

“ನನಗ್ಯಾವ ಮಲ್ಟಿಕಲ್ಚರಲ್ ಟೀಮೋ?”

“ಹೆಲ್ಪರ್ ಮಲ್ಲಪ್ಪ ಬಿಜಾಪುರದೋನು, ಅವನ ಕನ್ನಡ ನಂಗೆ ಅರ್ಥ ಆಗಲ್ಲ ಅಂದಿದ್ರಲ್ಲ.”

“ಕ್ರೈಸಿಸ್ಸು?”

“ಗೋಡೌನಿಗೆ ಮಳೆನೀರು ನುಗ್ಗಿದಾಗ ರಟ್ಟಿನ ಡಬ್ಬಗಳನ್ನ ಮೇಲೆ ಎತ್ತಿಟ್ರಲ್ಲ.”

ಅಡುಗೆಮನೆಯಿಂದ ಸುಮಿತ್ರಾ ಇಣುಕಿದಳು. “ಮೂರು ದಿನದಿಂದ ಶಾಪ ಹಾಕ್ತಿದ್ರಲ್ಲ, ಎಲ್ಲಾದ್ರೂ ತಗುಲಿದೆಯಾ ನೋಡ್ಕೊಳ್ಳಿ.”

ಸೋಮವಾರ ಶಾಂತಪ್ಪನವರ ಮುಂದೆ ನಿಂತೆ. “ಸಾರ್, ಅವರನ್ನ ಕರೀಬೇಡಿ. ಅದು ನಾನೇ. ಭಯಕ್ಕೆ ಹಾಕಿದ್ದು ಸಾರ್.”

ಅವರು ಹಾಳೆಯನ್ನು ನೋಡಿದರು. ನನ್ನನ್ನು ನೋಡಿದರು. ಮತ್ತೆ ಹಾಳೆಯನ್ನೇ ನೋಡಿದರು. ನನಗಿಂತ ಅದೇ ಚೆನ್ನಾಗಿತ್ತು.

“ಇವ್ನು ಬಂದ್ರೆ ನಿಮ್ಮನ್ನ ಕಳಿಸಾನ ಅಂತಿದ್ದೆ ಮೂರ್ತಿ. ಇಂಥೋನು ಇಲ್ವೇ ಇಲ್ಲ ಅಂದ್ಮೇಲೆ ಇನ್ನೇನ್ ಮಾಡಾದು? ಹೋಗ್ರಿ, ಕೆಲಸ ನೋಡ್ರಿ.”

ಕೆಲಸ ಉಳಿಯಿತು. ಸ್ಟೋರ್ಸಿಗೆ ಬರುವಷ್ಟರಲ್ಲಿ ಅಸೆಂಬ್ಲಿಯವರು ಒಂದು ಡಬ್ಬ ವಾಷರಿಗಾಗಿ ಬಾಗಿಲಲ್ಲಿ ಕಾಯುತ್ತಿದ್ದರು. ಮುಕ್ಕಾಲು ಗಂಟೆ ಹುಡುಕಿದೆ. ಸಿಗಲಿಲ್ಲ.

ನಿಜ ಹೇಳಬೇಕೆಂದರೆ, ಆ ಮನುಷ್ಯ ಬಂದಿದ್ದರೇ ಚೆನ್ನಾಗಿತ್ತು.