ಹಡಗಿನ ಚೈನು ಎಳೆಯಲು ಒಬ್ಬರು ಬೇಕು

ಮತ್ತೆ ಕರೆದರು. ಪೆನ್ನು ಹಿಡಿದಾಗಿನಿಂದ ಮೂರು ಸಲ ಆಯಿತು. ಮೊದಲು ಮಗಳಿಗೆ ಸಾಕ್ಸ್ ಒಂದೇ ಸಿಕ್ಕಿತು, ಆಮೇಲೆ ಹಾಲಿನವ ಚಿಲ್ಲರೆ ಇಲ್ಲವೆಂದ, ಈಗ ಯಜಮಾನರು ಹೊರಗಿನಿಂದ, "ನನ್ನ ಕನ್ನಡಕ ಕಂಡೀಯೇನು?" ಎಂದು ಕೂಗಿದರು. ಕಂಡಿದ್ದೆ, ಅವರ ಮೂಗಿನ ಮೇಲೇ ಇತ್ತು. ನಮ್ಮ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನಮ್ಮೂರು ಸೇಡಂ ಬಿಟ್ಟು ಸಮುದ್ರದ ನಡುವೆ ಹೋದಾಗಲೂ ನಿಲ್ಲಲಿಲ್ಲ.

ಗಾಡಿ ನಿಂತಾಗ ಇಳಿಯಬಾರದು

ನಮ್ಮದು ಸಿಮೆಂಟಿನ ಅಂಗಡಿ. ಒಂದು ವರ್ಷ ಚೀಲ ಭಾಳ ಮಾರಿದ್ದಕ್ಕೆ ಕಂಪನಿಯವರು ಮನೆಮಂದಿಗೆಲ್ಲ ಹಡಗಿನ ಪ್ರವಾಸ ಕೊಟ್ಟರು. ಅದಕ್ಕೂ ಹಿಂದಿನ ವರ್ಷ ಗೋಡೆ ಗಡಿಯಾರ ಕೊಟ್ಟಿದ್ದರು, ಅದು ಎರಡೇ ತಿಂಗಳಿಗೆ ನಿಂತಿತು. ಹಾಗಾಗಿ ಹಡಗಿನ ಬಗ್ಗೆಯೂ ನನಗೆ ಸ್ವಲ್ಪ ಅನುಮಾನವಿತ್ತು.

ಇಟಲಿ ಕಡೆಯ ಮೆಡಿಟರೇನಿಯನ್ ಸಮುದ್ರ. ಹಡಗು ರಾತ್ರಿ ನಡೆದು ಬೆಳಿಗ್ಗೆ ಒಂದು ಊರಿನಲ್ಲಿ ನಿಲ್ಲುತ್ತದೆ. ಇಳಿದು ಊರು ನೋಡಿ ಸಂಜೆಯೊಳಗೆ ಮತ್ತೆ ಹತ್ತಬೇಕು. ಯಾವ ಊರಲ್ಲಿ ಏನು ನೋಡಬೇಕೆಂದು ಗೊತ್ತುಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಎಲ್ಲವನ್ನೂ ಕೇಳಿಸಿಕೊಂಡ ನಮ್ಮ ಅತ್ತೆ ಒಂದೇ ಮಾತು ಅಂದರು: "ಬರ್ತೀನಿ. ಆದ್ರ ನಡುವ ಇಳಿಯಂಗಿಲ್ಲ."

ಇದಕ್ಕೆ ಕಾರಣ ವಾಡಿ ಜಂಕ್ಷನ್. ಮದುವೆಯಾದ ಹೊಸದರಲ್ಲಿ ಮಾವ ವಾಡಿಯಲ್ಲಿ ನೀರು ತರಲು ಇಳಿದರು, ಗಾಡಿ ಬಿಟ್ಟಿತು. ಅತ್ತೆ ಒಬ್ಬರೇ ಅಳುತ್ತಾ ರಾಯಚೂರಿಗೆ ಹೋಗಿ ಇಳಿದರು. ಸಂಜೆ ಮುಂದಿನ ಗಾಡಿಗೆ ಮಾವ ಬಂದರು. ಬಂದವರೇ, "ತಗೋ, ಒಂದ್ ಹನಿ ಚೆಲ್ಲಿಲ್ಲ," ಎಂದು ತಂಬಿಗೆ ಮುಂದೆ ಹಿಡಿದರಂತೆ. ಅತ್ತೆ ಆ ನೀರನ್ನು ಅವರ ತಲೆಯ ಮೇಲೆಯೇ ಸುರಿದರಂತೆ. ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ನಡುವೆ ಇಳಿಯುವಂತಿಲ್ಲ.

ಅತ್ತೆಯನ್ನು ಪರದೇಶದ ಹಡಗಿನಲ್ಲಿ ಒಬ್ಬರನ್ನೇ ಬಿಡಲಾಗದು. ಅವರು ಇಳಿಯದಿದ್ದರೆ ನಾನೂ ಇಳಿಯುವಂತಿಲ್ಲ. ಅಷ್ಟು ದೂರ ಹೋಗಿ ಕಿಟಕಿಯಿಂದ ಇಟಲಿ ನೋಡಿ ಬರುವುದಾದರೆ, ಅದನ್ನು ಕ್ಯಾಲೆಂಡರಿನಲ್ಲಿಯೇ ನೋಡಬಹುದಿತ್ತು.

ಹಳೇ ಊರು

ಆದರೂ ಆಸೆ ಬಿಡಲಿಲ್ಲ. ಟ್ರಾವೆಲ್ಸಿನವರು ಕಳಿಸಿದ ಪುಸ್ತಕ ಇಂಗ್ಲಿಷಿನಲ್ಲಿತ್ತು. ನಾನು ಹತ್ತನೇ ತರಗತಿಯವರೆಗೆ ಓದಿದವಳು. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು, ಮಕ್ಕಳನ್ನು ಕರೆದೊಯ್ಯಬಹುದೆಂಬ ಗುರುತು ಇದ್ದ ತಿರುಗಾಟಗಳಿಗೆ ಪೆನ್ಸಿಲಿನಿಂದ ಗೆರೆ ಎಳೆದೆ. ತಿಳಿಯದ್ದನ್ನು ಕಲಬುರಗಿಯ ಏಜೆಂಟನಿಗೆ ಫೋನ್ ಮಾಡಿ ಕೇಳಿದೆ.

"ಐದು ವರ್ಷದ ಹುಡುಗಿ ಅದಾಳ. ಎರಡನೇ ಊರಾಗ ನೆರಳು ಅದ ಏನ್ರಿ?"

"ಮೇಡಂ, ಅದು ಎರಡು ಸಾವಿರ ವರ್ಷದ ಹಳೇ ಊರು. ನೆಲದಾಗಿಂದ ಅಗದು ತಗದಾರ. ಛಾವಣಿ ಒಂದೂ ಉಳಿದಿಲ್ಲ."

"ಸಂಡಾಸು?"

"ಅದ ಅದ. ರೋಮನ್ನರು ಕಟ್ಟಿಸಿದ್ದು, ಭಾಳ ಫೇಮಸ್ಸು."

"ನೋಡಾಕಲ್ರಿ, ಹೋಗಾಕ!"

ಅವನು, "ಮೇಡಂ, ಇಷ್ಟು ವರ್ಷದಾಗ ಈ ಪ್ರಶ್ನೆ ಯಾರೂ ಕೇಳಿಲ್ರಿ," ಎಂದ. "ನಿಮ್ಮ ಕಡೆ ಬರೇ ಗಂಡಸರು ಫೋನ್ ಮಾಡಿರ್ಬೇಕು," ಎಂದು ಫೋನು ಇಟ್ಟೆ.

ವಾಲಿದ ಗೋಪುರ

ಮೊದಲ ಊರು ಬಂತು. ಅತ್ತೆ ಕೋಣೆಯಲ್ಲಿ ಸೆರಗು ಬಿಗಿದು ಮಂಚ ಹಿಡಿದುಕೊಂಡರು. ಯಜಮಾನರು ಮಗಳನ್ನು ಕರೆದುಕೊಂಡು ವಾಲಿದ ಗೋಪುರ ನೋಡಲು ಹೋದರು. ನಾನು ಮೇಲಿನಿಂದ ಕೈ ಬೀಸಿದೆ. ನಗುನಗುತ್ತಲೇ ಬೀಸಿದೆ, ಹೊಟ್ಟೆಯೊಳಗಿನದು ಬೇರೆ.

ಸಂಜೆ ಮಗಳು ವರದಿ ಒಪ್ಪಿಸಿದಳು: "ಅವ್ವಾ, ಎಲ್ಲಾರೂ ಗೋಪುರಕ್ಕ ಕೈ ಕೊಟ್ಟು ಫೋಟೋ ತಗಿಸ್ಕೊಂಡ್ರು. ಅಪ್ಪ ಮಾತ್ರ ಕೆಳಗ ಕುಂತು ಪಾಯಾ ನೋಡ್ದ."

"ಏನಂದ್ರಿ ನೋಡಿ?" ಎಂದು ಯಜಮಾನರನ್ನು ಕೇಳಿದೆ.

"ಪಾಯಾದ ಕೆಳಗ ಮಣ್ಣು ಮೆತ್ತಗ ಅದ. ನಮ್ಮ ಕುರಕುಂಟಾದ ಮನಿ ಕಟ್ಟೋ ಗೌಂಡಿಗೆ ಕೊಟ್ಟಿದ್ರ ಹಿಂಗ ಆಗ್ತಿದ್ದಿಲ್ಲ."

ರೀಲಿನಲ್ಲಿದ್ದ ಫೋಟೋ ಊರಿಗೆ ಬಂದ ಮೇಲೆ ತೊಳೆಸಿದೆವು. ಎಲ್ಲದರಲ್ಲೂ ಪಾಯವೇ. ಗೋಪುರ ಒಂದರಲ್ಲೂ ಇಲ್ಲ. ಗೈಡಿಗೆ ಅಂಗಡಿಯ ಕಾರ್ಡನ್ನೂ ಕೊಟ್ಟು ಬಂದಿದ್ದರು.

ಗಾರ್ಡನ ಮಾತು

ಎರಡನೇ ಊರಿಗೆ ಮುಂಚೆ ಹಡಗಿನ ಕೌಂಟರಿನಲ್ಲಿದ್ದ ಗೋವಾದ ಹುಡುಗಿಯನ್ನು ಕರೆತಂದೆ. ಅವಳು ಹಿಂದಿಯಲ್ಲಿ ಅತ್ತೆಗೆ ಮೆತ್ತಗೆ ತಿಳಿಸಿ ಹೇಳಿದಳು: ನಮ್ಮ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಒಬ್ಬರನ್ನೂ ಬಿಟ್ಟು ಹೋಗುವುದಿಲ್ಲ.

ಅತ್ತೆ ಪೂರ್ತಿ ಕೇಳಿದರು. ಅವಳ ಗಲ್ಲ ಸವರಿ, "ಛಲೋ ಹುಡುಗಿ," ಎಂದರು. ಅವಳು ಹೋದ ಮೇಲೆ ನನ್ನ ಕಡೆ ತಿರುಗಿ, "ವಾಡ್ಯಾಗ ಗಾಡಿ ಗಾರ್ಡೂ ಹಿಂಗೇ ಹೇಳಿದ್ದ," ಎಂದರು.

ಎರಡನೇ ಊರೂ ಹೋಯಿತು. ನಾನು ಸಿಟ್ಟಿಗೆ ಆ ದಿನ ನಾಲ್ಕು ಸಲ ಐಸ್‌ಕ್ರೀಂ ತಿಂದೆ. ಅದು ಪುಕ್ಕಟೆ ಇತ್ತು, ಅಷ್ಟೇ ಸಮಾಧಾನ.

ಚೈನು

ಇನ್ನು ಉಳಿದದ್ದು ಕಡೆಯ ಊರು. ಸಮುದ್ರದ ದಂಡೆಯ ಸಣ್ಣ ಹಳ್ಳಿ: ಮರಳು, ನೆರಳು, ಸಂಡಾಸು, ಮೂರೂ ಇದ್ದವು. ಪುಸ್ತಕದಲ್ಲಿ ನಾನು ಎರಡು ಗೆರೆ ಎಳೆದಿದ್ದೆ. ಹಿಂದಿನ ದಿನ ಮಧ್ಯಾಹ್ನ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದಾಗ ಧೈರ್ಯ ಮಾಡಿ ಕೇಳಿಯೇಬಿಟ್ಟೆ.

"ಅತ್ತಿ, ಅವತ್ತು ವಾಡ್ಯಾಗ ನೀವು ಗಾಡಿ ಚೈನ್ ಯಾಕ ಎಳಿಲಿಲ್ರಿ?"

ಅತ್ತೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ಕೈ ಮುಟ್ಟಲಿಲ್ಲ ಯವ್ವಾ. ಎತ್ತರ ಇತ್ತು. ಡಬ್ಬಿ ತುಂಬ ಗಂಡಸರು, ಹೊಸಾ ಸೊಸಿ ನಾ, ಯಾರ್ನ ಕೇಳ್ಲಿ?"

ಎಷ್ಟೋ ಸಲ ಕೇಳಿ ನಕ್ಕ ಕಥೆ. ಅಂದು ನನಗೆ ನಗು ಬರಲಿಲ್ಲ. ಆದರೆ ನಮ್ಮ ಯಜಮಾನರು ಕಂಬದಂತೆ ಎತ್ತರ ಇದ್ದಾರೆಂಬುದು ತಟ್ಟನೆ ಹೊಳೆಯಿತು.

"ಅತ್ತಿ, ನಾಳಿ ನಿಮ್ಮ ಮಗ ಹಡಗಿನ್ಯಾಗೇ ಇರ್ಲಿ. ನಾವು ಬರೋದ್ರೊಳಗ ಹಡಗು ಹೊಂಟ್ರ ಅವರು ಚೈನ್ ಎಳೀತಾರ."

ಅತ್ತೆ ಮಗನನ್ನು ಕೆಳಗಿನಿಂದ ಮೇಲಿನವರೆಗೆ ಅಳೆದರು. "ಮುಟ್ಟತದೇನೋ?"

ಹಡಗಿಗೆ ಚೈನು ಇಲ್ಲವೆಂದು ಯಜಮಾನರಿಗೆ ಗೊತ್ತು. ನನ್ನ ಮುಖ ನೋಡಿದರು. ಆಮೇಲೆ, "ಮುಟ್ಟತದವ್ವಾ," ಎಂದರು. ಮದುವೆಯಲ್ಲಿ ಹಾಕಿದ ಬಂಗಾರಕ್ಕಿಂತ ಆ ಒಂದು ಮಾತಿಗೆ ನಾನು ಅವರಿಗೆ ಹೆಚ್ಚು ಋಣಿ. ಮರುದಿನವೆಲ್ಲ ಪಾಪ ಹಡಗಿನ ಕಂಬಿ ಹಿಡಿದು ಮೇಲೆಯೇ ನಿಂತಿದ್ದರು. ಬಿಸಿಲಿಗೆ ಮೂಗು ಕೆಂಪಾಗಿ, ಹಡಗಿನವರು ಎರಡು ಸಲ ಡಾಕ್ಟರನ್ನು ಕರೆಯಲೇ ಎಂದು ಕೇಳಿದರಂತೆ.

ದಂಡೆಯ ಮೇಲೆ

ಅತ್ತೆ ಬಲಗಾಲಿಟ್ಟು ಇಳಿದರು. ಬಸ್ಸು ಕಂಡದ್ದೇ ತಡ, ಕಿಟಕಿಯಿಂದ ಒಳಗೆ ಕರವಸ್ತ್ರ ಎಸೆದು ಸೀಟು ಹಿಡಿದರು. ಒಳಗೆ ಆಗಲೇ ಕುಳಿತಿದ್ದ ಬಿಳಿಯ ಮುದುಕರೊಬ್ಬರು ಅದನ್ನು ಎತ್ತಿ, ಮಡಿಸಿ, ನಮಸ್ಕಾರ ಮಾಡಿ ಕೈಗೆ ಕೊಟ್ಟರು.

ಹಳ್ಳಿಯಲ್ಲಿ ಒಂದು ಮನೆಯ ಕಟ್ಟೆಯ ಮೇಲೆ ಕಪ್ಪು ಬಟ್ಟೆಯ ಅಜ್ಜಿಯೊಬ್ಬಳು ಅವರೆಯಂಥ ಕಾಯಿ ಸುಲಿಯುತ್ತಿದ್ದಳು. ಅತ್ತೆ ಹೋಗಿ ಪಕ್ಕದಲ್ಲಿ ಕುಳಿತು ತಾವೂ ಸುಲಿಯತೊಡಗಿದರು. ಆಕೆ ತನ್ನ ಭಾಷೆಯಲ್ಲಿ, ಇವರು ನಮ್ಮ ಭಾಷೆಯಲ್ಲಿ. ಇಬ್ಬರಿಗೂ ನಡುನಡುವೆ ನಗು ಬೇರೆ.

ನಾನು ನೀರಿಗಿಳಿದ ಮಗಳ ಹಿಂದೆ ಓಡಿದೆ. ಟವೆಲ್ ತಂದೆ, ಅತ್ತೆಗೆ ನೀರು ಕೊಟ್ಟೆ, ಚಪ್ಪಲಿ ಹುಡುಕಿದೆ, ಬಸ್ಸು ಇದೆಯೇ ಎಂದು ನೋಡಿ ಬಂದೆ, ಮತ್ತೆ ಮಗಳ ಹಿಂದೆ ಓಡಿದೆ. ಕಾಲಿಗೆ ಸಮುದ್ರ ತಾಗಿತ್ತು. ದೇವರು ದೊಡ್ಡವನು ಅಂದುಕೊಂಡೆ.

ಅತ್ತೆ ಕೈಮಾಡಿ ಕರೆದರು.

"ಈಕಿ ನಿನ್ನ ಬಗ್ಗೆ ಕೇಳಾಕತ್ತಾಳ."

"ಈಕಿ ಮಾತು ನಿಮಗ ಹೆಂಗ ತಿಳೀತ್ರಿ?"

"ಒಬ್ಬಾಕಿ ಅತ್ತಿ ಮಾತು ಇನ್ನೊಬ್ಬಾಕಿ ಅತ್ತಿಗೆ ತಿಳಿಯಂಗಿಲ್ಲೇನು?"

ಅಜ್ಜಿ ನನ್ನ ಕಡೆ ಬೆರಳು ತೋರಿಸಿ ಏನೋ ಉದ್ದಕ್ಕೆ ಹೇಳಿದಳು. ಅತ್ತೆ ತಲೆಯಾಡಿಸಿ, ಕಟ್ಟೆಯ ಮೇಲೆ ಸ್ವಲ್ಪ ಸರಿದು, ಸೆರಗಿನಿಂದ ಜಾಗ ಒರೆಸಿದರು.

"ನಿನ್ನ ಸೊಸಿ ಬಂದಾಗಿಂದ ನಿಂತೇ ಅದಾಳಲ್ಲ, ಕುಂದರೋದು ಯಾವಾಗ ಅಂತ ಕೇಳಾಕತ್ತಾಳ. ಏನ್ ಹೇಳ್ಲಿ?"